ವಾಹನದಲ್ಲಿ ಇಟ್ಟುಕೊಳ್ಳತಕ್ಕ ಬಿಡಿ ಸಾಮಾನುಗಳೂ ಹತ್ಯಾರಗಳೂ

ಎತ್ತಿನ ಗಾಡಿಯ ಕಾಲದಲ್ಲಿ ತಿಳಿವಳಿಕೆಯುಳ್ಳ ಗಾಡಿಕಾರನು ಊರು ಬಿಡುವ ಮೊದಲು ಕೀಲೆಣ್ಣೆಯ ಬುಂಡೆಯು ಗಾಡಿಯ ಕೆಳಗೆ ತೂಗುತ್ತಿರುವದೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದನು. ಅದರ ಸಂಗಡ ಹೆಚ್ಚಿನದಾಗಿ ಒಂದೆರಡು ಕಡಾಣಿ, ನಾಲ್ಕು ಮಾರು ಗಟ್ಟಿ ಹಗ್ಗ, ಒಂದು ಕತ್ತಿ, ಒಂದು ಮರದ ಕೊಡತಿ, ಇಷ್ಟಿದ್ದರೆ ಘಟ್ಟ ಹತ್ತಿ ಇಳಿಯಲು ಅವನಿಗೆ ಅಂಜಿಕೆಯಿರಲಿಲ್ಲ. ಗಾಡಿ ಹೋಯಿತು, ಮೋಟಾರು ಬಂದಿತು. ಆದರೆ ಗಾಡಿಯ ಸಂಗಡ ಆ ಒಳ್ಳೆಯ ರೂಢಿಯೂ ಹೊರಟುಹೋದದ್ದು ವಿಷಾದದ ಸಂಗತಿಯಾಗಿದೆ.

ಭಟ್ಕಳ ತಾಲೂಕಿನ ಮಾವಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮುರುಡೇಶ್ವರ ಕ್ಷೇತ್ರವಿರುವ ಈ ಗ್ರಾಮದ ಪಕ್ಕದಲ್ಲಿಯೇ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ. ದಕ್ಷಿಣಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿ ಭಟ್ಕಳ, ಉತ್ತರಕ್ಕೆ ಹೆಚ್ಚುಕಡಿಮೆ ಅದರ ಇಮ್ಮಡಿ ದೂರದಲ್ಲಿ ಹೊನ್ನಾವರ. ಭತ್ತ, ತೆಂಗು, ಅಡಿಕೆ, ಮಲ್ಲಿಗೆ ಈ ಸೀಮೆಯ ಬೆಳೆಗಳು. ಗದ್ದೆಯ ಉಳುಮೆಯು ಪವರ್ ಟಿಲ್ಲರಿನಿಂದಲೂ, ಗೊಬ್ಬರ, ಹುಲ್ಲು, ಕಾಯಿಗಳ ಸಾಗಣೆಯು ಪಿಕಪ್ ವಾಹನ ಮತ್ತು ಸರಕಿನ ರಿಕ್ಷಾಗಳಿಂದಲೂ ನಡೆಯುತ್ತದೆ. ಇವುಗಳಲ್ಲಿ ಒಂದು ನಿಂತರೆ ಒಂದು ಮನೆತನದ ಆ ದಿನದ ಕೆಲಸವೆಲ್ಲ ನಿಂತಂತೆಯೇ ಸರಿ.

ಮಲ್ಲಿಗೆ ಬೆಳೆಯುವವನೊಬ್ಬನು ಮುಂಜಾನೆ ಮೊಗ್ಗು ಕೊಯ್ದು, ಮಾಲೆ ಕಟ್ಟಿಸಿ, ಭಟ್ಕಳದ ಪೇಟೆಗೆ ಹೊರಟಿದ್ದಾನೆಂದು ಎಣಿಸೋಣ. ಅರ್ಧ ದಾರಿಯಲ್ಲಿ ಒಂದು ಫ್ಯೂಸು ಸುಟ್ಟು ಎಂಜಿನ್ನು ನಿಲ್ಲುತ್ತದೆ. ಫ್ಯೂಸಿನ ಬೆಲೆ ಕೆಲವೇ ರೂಪಾಯಿ. ಆದರೆ ಅದನ್ನು ತರಲು ಹೋದವನು ತಿರುಗಿ ಬರುವಷ್ಟರಲ್ಲಿ ಮೊಗ್ಗು ಅರಳಿ, ಪೇಟೆಯ ಹೊತ್ತು ಮೀರಿ, ಇಡೀ ದಿನದ ದುಡಿಮೆಯು ನೀರುಪಾಲಾಗುತ್ತದೆ. ನಾಟಿಯ ಹೊತ್ತಿನಲ್ಲಿ ಟಿಲ್ಲರಿನ ಬೆಲ್ಟು ಹರಿದರೆ ಆಗುವ ನಷ್ಟವು ಇದಕ್ಕಿಂತ ಹೆಚ್ಚಿನದು. ಯಾಕಂದರೆ ಸಸಿಯ ವಯಸ್ಸೂ ಗದ್ದೆಯ ನೀರೂ ಬೆಲ್ಟಿಗಾಗಿ ಕಾಯುವದಿಲ್ಲ.

ನಷ್ಟವು ಹಣದ್ದಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಹೆದ್ದಾರಿಯಲ್ಲಿ ರಾತ್ರಿ ಕೆಟ್ಟುನಿಂತ ವಾಹನಕ್ಕೆ ಹಿಂದಿನಿಂದ ಬರುವ ಲಾರಿಯು ಬಡಿದರೆ ಜೀವಕ್ಕೇ ಅಪಾಯ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ನಿಲ್ಲುವದೂ ಕ್ಷೇಮವಲ್ಲ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡವು ಕುಸಿದು, ರಸ್ತೆಬದಿಯಲ್ಲಿದ್ದ ಜನರೂ ವಾಹನಗಳೂ ಗಂಗಾವಳಿ ನದಿಯ ಪಾಲಾದದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಆದುದರಿಂದ ಕೆಟ್ಟ ವಾಹನವನ್ನು ಬೇಗನೆ ಸುರಕ್ಷಿತ ಸ್ಥಳಕ್ಕೆ ಸಾಗಿಸುವಷ್ಟು ಸಾಧನವಾದರೂ ಪ್ರತಿಯೊಬ್ಬ ವಾಹನದ ಮಾಲಿಕನಲ್ಲಿ ಇರತಕ್ಕದ್ದು.

1. ಯಾವ ಸಾಮಾನು ಇಡಬೇಕು, ಯಾವದು ಬೇಡ

ಅಂಗಡಿಯನ್ನೇ ವಾಹನದಲ್ಲಿ ಹೊತ್ತು ತಿರುಗಬೇಕೆಂದು ಇದರ ಅರ್ಥವಲ್ಲ. ಇಡತಕ್ಕ ಸಾಮಾನಿಗೆ ನಾಲ್ಕು ಲಕ್ಷಣಗಳಿರಬೇಕು: ಅದು ಮೇಲಿಂದ ಮೇಲೆ ಕೆಡುವಂಥದಾಗಿರಬೇಕು, ಕೆಟ್ಟರೆ ವಾಹನವನ್ನು ನಿಲ್ಲಿಸುವಂಥದಾಗಿರಬೇಕು, ಬೆಲೆಯು ಕಡಿಮೆಯಿರಬೇಕು, ಕೈಹತ್ಯಾರಗಳಿಂದ ಮಾಲಿಕನೇ ಬದಲಿಸುವಂತಿರಬೇಕು. ಈ ನಾಲ್ಕೂ ಕೂಡಿ ಬಾರದ ಸಾಮಾನನ್ನು ಕಾರಖಾನೆಗೆ ಬಿಡುವದೇ ಲೇಸು.

ಎಲ್ಲಕ್ಕೂ ಮೊದಲು ಬೇಕಾದದ್ದು ಒಂದು ಸಣ್ಣ ವಹಿ. ಅದರಲ್ಲಿ ವಾಹನದ ಮಾದರಿ, ತಯಾರಾದ ವರ್ಷ, ಎಂಜಿನ್ ನಂಬರು, ಚಾಸಿ ನಂಬರು, ಟಾಯರಿನ ಅಳತೆ, ಬೆಲ್ಟಿನ ನಂಬರು, ಬಲ್ಬಿನ ವ್ಯಾಟು, ಎಣ್ಣೆಯ ದರ್ಜೆ ಇವುಗಳನ್ನು ಬರೆದಿಡಬೇಕು. ಈ ವಹಿಯಿಲ್ಲದೆ ಪೇಟೆಗೆ ಹೋದವನು ಹೋಲಿಕೆಯ ಮೇಲೆ ಸಾಮಾನು ತಂದು, ಕೂಡದೆ, ಎರಡನೆಯ ಸಲ ಹೋಗುವದು ಎಲ್ಲೆಲ್ಲಿಯೂ ಕಂಡುಬರುವ ಸಂಗತಿ.

2. ಗಾಲಿ ಮತ್ತು ಟಾಯರು

ದಾರಿಯಲ್ಲಿ ಬರುವ ತೊಂದರೆಗಳಲ್ಲಿ ಪಂಕ್ಚರು ಅತಿ ಸಾಮಾನ್ಯ. ಹೆಚ್ಚಿನ ಗಾಲಿಯು ಇದ್ದರೆ ಸಾಲದು. ಅದರಲ್ಲಿ ಗಾಳಿಯೂ ಇರಬೇಕು. ತಿಂಗಳಿಗೊಮ್ಮೆ ಓಡುವ ಗಾಲಿಗಳ ಸಂಗಡ ಅದರ ಗಾಳಿಯನ್ನೂ ಅಳೆಯಿಸಬೇಕು. ಟಾಯರಿನ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳಿಂದ ಅದರ ವಯಸ್ಸು ತಿಳಿಯುತ್ತದೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಬಳಸದೆ ಇಟ್ಟ ಟಾಯರಿನ ರಬ್ಬರೂ ಬಿಸಿಲು ಗಾಳಿಗಳಿಂದ ಬಿರಿಯುತ್ತದೆಂಬುದನ್ನು ನೆನಪಿಡಬೇಕು.

ಜ್ಯಾಕು, ಗಾಲಿಯ ನಟ್ಟಿನ ಪಾನೆ, ಎರಡು ಮರದ ತಡೆಗಟ್ಟೆ, ಒಂದು ಅಂಗುಲಕ್ಕೂ ದಪ್ಪವಾದ ಒಂದು ಹಲಗೆಯ ತುಂಡು, ಇವು ಅವಶ್ಯ. ಮಳೆಯಲ್ಲಿ ನೆನೆದ ರಸ್ತೆಬದಿಯ ಮಣ್ಣಿನಲ್ಲಿ ಹಲಗೆಯಿಲ್ಲದೆ ಜ್ಯಾಕು ಹಾಕಿದರೆ ಗಾಡಿ ಏಳುವ ಬದಲು ಜ್ಯಾಕೇ ಇಳಿಯುವದು. ಗಾಲಿಯು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆ ಮೇಲೆ ಎತ್ತಬೇಕು. ಬಿಗಿಯುವಾಗ ಎದುರುಬದುರಿನ ನಟ್ಟುಗಳನ್ನು ಕ್ರಮವಾಗಿ ಬಿಗಿಯಬೇಕು. ಜ್ಯಾಕಿನ ಮೇಲಿರುವ ವಾಹನದ ಕೆಳಗೆ ಯಾರೂ ಸರ್ವಥಾ ಹೋಗಬಾರದು.

ಟ್ಯೂಬಿಲ್ಲದ ಟಾಯರಿಗೆ ಕೊರೆಯುವ ಸೂಜಿ, ತುಂಬುವ ಸೂಜಿ, ರಬ್ಬರಿನ ಬತ್ತಿ, ಅಂಟು ಇವುಗಳ ಚೀಲವೂ ಒಂದು ಕಾಲುಪಂಪೂ ಇದ್ದರೆ ಕಾಲು ತಾಸಿನಲ್ಲಿ ಕೆಲಸವಾಗುತ್ತದೆ. ಆದರೆ ಬತ್ತಿಯನ್ನು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ ಹಾಕಬೇಕು. ಪಕ್ಕದ ಗೋಡೆ ಸೀಳಿದರೆ ಆ ಟಾಯರಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು.

3. ಬೆಲ್ಟು ಮತ್ತು ನೀರಿನ ಕೊಳವೆಗಳು

ಫ್ಯಾನ್ ಬೆಲ್ಟು ಹರಿದರೆ ಎಂಜಿನ್ನು ಕಾಯುವದು, ಬ್ಯಾಟರಿಯು ತುಂಬದು. ಹೊಸ ಬೆಲ್ಟು ಹಾಕಿಸುವಾಗ, ಹಳೆಯದು ಇನ್ನೂ ಗಟ್ಟಿಯಾಗಿದ್ದರೆ, ಅದನ್ನೇ ಒರೆಸಿ ಕಟ್ಟಿ ವಾಹನದಲ್ಲಿಡುವದು ಮಿತವ್ಯಯದ ಉಪಾಯ. ಪವರ್ ಟಿಲ್ಲರಿನಲ್ಲಿ ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿಯನ್ನು ಒಯ್ಯುವ ವಿ ಬೆಲ್ಟುಗಳು ಒಂದಕ್ಕಿಂತ ಹೆಚ್ಚಾಗಿದ್ದಲ್ಲಿ, ಒಂದು ಹರಿದರೂ ಅಷ್ಟನ್ನೂ ಕೂಡಿಯೇ ಬದಲಿಸಬೇಕು. ಹೊಸದೊಂದನ್ನು ಹಳೆಯವುಗಳ ಜೊತೆ ಹಾಕಿದರೆ ಭಾರವೆಲ್ಲ ಹೊಸದರ ಮೇಲೆಯೇ ಬಿದ್ದು ಅದೂ ಬೇಗ ಕೆಡುವದು.

ರೇಡಿಯೇಟರಿನ ಮೇಲಿನ ಕೊಳವೆ, ಅದರ ಎರಡು ಬಿಗಿಪಟ್ಟಿ, ಐದು ಲೀಟರು ಶುದ್ಧ ನೀರು ಸಂಗಡ ಇರಲಿ. ಕಾದ ಎಂಜಿನ್ನಿನ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆರೆದು ಮುಖ ಸುಟ್ಟುಕೊಂಡವರುಂಟು. ಅರ್ಧ ತಾಸು ತಾಳ್ಮೆಯಿಂದ ಕಾದು, ದಪ್ಪ ಬಟ್ಟೆ ಹಾಕಿ ಮೆಲ್ಲನೆ ತಿರುಗಿಸಬೇಕು.

4. ವಿದ್ಯುತ್ತಿನ ಸಾಮಾನು

ಫ್ಯೂಸುಗಳ ಬಣ್ಣದಲ್ಲಿಯೇ ಅವುಗಳ ಅಳತೆಯಿದೆ: ಅಲಗಿನ ಆಕಾರದ ಫ್ಯೂಸುಗಳಲ್ಲಿ ಕೆಂಪು 10 ಆಂಪಿಯರು, ನೀಲಿ 15, ಹಳದಿ 20, ಹಸಿರು 30. ಪ್ರತಿಯೊಂದರಲ್ಲಿ ಎರಡೆರಡು ಇಟ್ಟರೆ ಬೆಂಕಿಪೆಟ್ಟಿಗೆಯಷ್ಟೂ ಸ್ಥಳ ಬೇಡ. ಫ್ಯೂಸಿಲ್ಲವೆಂದು ತಂತಿಯ ತುಂಡನ್ನೋ ಹೆಚ್ಚಿನ ಆಂಪಿಯರಿನದನ್ನೋ ಹಾಕುವದು ಬೆಂಕಿಯನ್ನು ಕರೆದಂತೆ. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ದೋಷವು ತಂತಿಯಲ್ಲಿದೆಯೆಂದು ತಿಳಿದು ಮೆಕ್ಯಾನಿಕನನ್ನು ಕರೆಯಬೇಕು.

ಮುಂದಿನ ದೀಪದ ಒಂದು ಬಲ್ಬು, ಹಿಂದಿನ ದೀಪದ ಒಂದು, ದಿಕ್ಕು ತೋರಿಸುವ ದೀಪದ ಒಂದು ಇಡಬೇಕು. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡಿನಿಂದ ಅದು ಬೇಗ ಸುಡುತ್ತದೆ.

ಸಮುದ್ರತೀರದ ಉಪ್ಪುಗಾಳಿಯು ಬ್ಯಾಟರಿಯ ತುದಿಗಳಿಗೆ ಶತ್ರು. ಎಂಜಿನ್ನು ತಿರುಗದಿದ್ದಾಗ ಬ್ಯಾಟರಿಯು ಸತ್ತಿತೆಂದು ಹೇಳುವ ಮೊದಲು ತುದಿಗಳನ್ನು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ವ್ಯಾಸಲೀನು ಸವರಿ ನೋಡಬೇಕು. ಬೇರೆ ವಾಹನದಿಂದ ವಿದ್ಯುತ್ತು ಪಡೆಯಲು ದಪ್ಪ ತಂತಿಯ ಜೋಡಿಯು ಉಪಯುಕ್ತ. ಕೆಂಪು ತಂತಿಯನ್ನು ಮೊದಲು ಸತ್ತ ಬ್ಯಾಟರಿಯ ಧನ ತುದಿಗೆ, ಬಳಿಕ ಜೀವವಿರುವದರ ಧನ ತುದಿಗೆ ಹಾಕಬೇಕು. ಕಪ್ಪು ತಂತಿಯನ್ನು ಜೀವವಿರುವದರ ಋಣ ತುದಿಗೆ, ಕಡೆಯದಾಗಿ ಕೆಟ್ಟ ವಾಹನದ ಎಂಜಿನ್ನಿನ ಲೋಹಕ್ಕೆ ಸೇರಿಸಬೇಕು. ತೆಗೆಯುವಾಗ ಇದರ ವಿಲೋಮ ಕ್ರಮ. 12 ವೋಲ್ಟಿನ ವಾಹನಕ್ಕೆ 24 ವೋಲ್ಟಿನ ಲಾರಿಯಿಂದ ಎಂದೂ ಜೋಡಿಸಬಾರದು.

5. ಡೀಸೆಲ್ಲು ಮತ್ತು ಎಣ್ಣೆಗಳು

ಮಳೆಗಾಲದಲ್ಲಿ ಡೀಸೆಲ್ಲಿನೊಳಗೆ ನೀರು ಸೇರುವದುಂಟು. ಆದ್ದರಿಂದ ಒಂದು ಹೆಚ್ಚಿನ ಡೀಸೆಲ್ ಫಿಲ್ಟರು, ಅದರ ರಬ್ಬರಿನ ಬಳೆ, ನಾಲ್ಕೈದು ತಾಮ್ರದ ವಾಷರು ಇರಬೇಕು. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಫಿಲ್ಟರು ಬದಲಿಸಿದ ಮೇಲೆ ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆಯಿಲ್ಲದ ಡೀಸೆಲ್ಲು ಬರುವವರೆಗೆ ಬಿಟ್ಟು ಬಿಗಿಯಬೇಕು. ಹೊಸ ತರದ ಕಾಮನ್ ರೇಲ್ ಎಂಜಿನ್ನುಗಳ ಒತ್ತಡದ ಕೊಳವೆಗಳನ್ನಾದರೋ ಮಾಲಿಕನು ಮುಟ್ಟಲೇಬಾರದು. ಅಲ್ಲಿ ಸಾವಿರ ಬಾರಿಗೂ ಮೀರಿದ ಒತ್ತಡವಿದ್ದು, ಚಿಮ್ಮುವ ಡೀಸೆಲ್ಲು ಚರ್ಮವನ್ನು ಭೇದಿಸಿ ಒಳಹೋಗಬಲ್ಲದು.

ಒಂದು ಲೀಟರು ಎಂಜಿನ್ ಎಣ್ಣೆ ಇರಲಿ. ಬ್ರೇಕಿನ ಎಣ್ಣೆಯ ಬಾಟಲಿಯನ್ನು ಮಾತ್ರ ಮೊಹರು ಒಡೆಯದಂತೆ ಇಡಬೇಕು. ಯಾಕಂದರೆ ಅದು ಗಾಳಿಯ ತೇವವನ್ನು ಹೀರುತ್ತದೆ, ತೀರದ ಹವೆಯಲ್ಲಿ ತೆರೆದಿಟ್ಟದ್ದು ಬೇಗ ನಿರುಪಯೋಗಿಯಾಗುತ್ತದೆ. ಬ್ರೇಕಿನ ಎಣ್ಣೆಯಿಲ್ಲವೆಂದು ಎಂಜಿನ್ ಎಣ್ಣೆಯನ್ನು ಸುರಿದರೆ ಒಳಗಿನ ರಬ್ಬರು ಕೆಟ್ಟು ಬ್ರೇಕೇ ಹೋಗುವದು. ಬ್ರೇಕಾಗಲಿ ಸ್ಟಿಯರಿಂಗಾಗಲಿ ಕೆಟ್ಟ ವಾಹನವನ್ನು ಹೇಗೋ ಮನೆ ಮುಟ್ಟಿಸುವೆನೆಂಬ ಧೈರ್ಯವು ಧೈರ್ಯವಲ್ಲ, ಅವಿವೇಕ.

6. ಟಿಲ್ಲರು ಮತ್ತು ಟ್ರೇಲರಿಗೆ ವಿಶೇಷವಾಗಿ ಬೇಕಾದವು

ಟಿಲ್ಲರಿನ ಮಾಲಿಕನು ನೆಲ ಕೊಚ್ಚುವ ಅಲಗುಗಳಲ್ಲಿ ಎಡ ಬಲ ಎರಡೂ ಜಾತಿಯ ನಾಲ್ಕು ನಾಲ್ಕನ್ನು ಬೋಲ್ಟು ನಟ್ಟು ಸಹಿತ ಇಡಬೇಕು. ಕ್ಲಚ್ಚಿನ ಕೇಬಲು, ವೇಗದ ಕೇಬಲು, ಗ್ರೀಸಿನ ಪಿಚಕಾರಿ ಇವೂ ಬೇಕು. ಟ್ರೇಲರನ್ನು ಜೋಡಿಸುವ ಕೀಲಿಗೆ ಭದ್ರವಾದ ಕಡಾಣಿಯನ್ನೇ ಹಾಕಬೇಕು. ಅದು ಬಿದ್ದುಹೋದ ಮೇಲೆ ಕಬ್ಬಿಣದ ಮೊಳೆಯನ್ನೋ ತಂತಿಯನ್ನೋ ಸಿಕ್ಕಿಸಿಕೊಂಡು ತಿರುಗುವವರು ಕಾಣಸಿಗುತ್ತಾರೆ. ಇಳಿಜಾರಿನಲ್ಲಿ ಬಿಟ್ಟುಕೊಂಡ ಟ್ರೇಲರು ಯಾರ ಮೇಲೆ ಹರಿಯುವದೆಂದು ಹೇಳಬರುವದಿಲ್ಲ. ಎರಡು ಹೆಚ್ಚಿನ ಕಡಾಣಿ ಇಡುವದು ಮುತ್ತಜ್ಜನ ಕಾಲದಲ್ಲಿಯೂ ಜಾಣತನವಾಗಿತ್ತು, ಇಂದೂ ಜಾಣತನವೇ.

7. ಹತ್ಯಾರಗಳು

ಪಾನೆಗಳನ್ನು ಕೊಳ್ಳುವಾಗ ಸ್ವಂತ ಯಂತ್ರದ ನಟ್ಟುಗಳನ್ನು ಮೊದಲು ಅಳೆಯಬೇಕು. ಜಪಾನೀ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ 10, 12, 14, 17 ಮಿಲಿಮೀಟರಿನ ನಟ್ಟುಗಳೂ, ಯುರೋಪಿನ ಮಾದರಿಯವುಗಳಲ್ಲಿ 10, 13, 17, 19ರವೂ ಹೆಚ್ಚು. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾಗಿ ಮಿತ್ಸುಬಿಷಿಯ ಸಹಕಾರದಿಂದ ಟಿಲ್ಲರು ತಯಾರಿಸತೊಡಗಿದ ವಿ.ಎಸ್.ಟಿ. ಕಂಪನಿಯ ಯಂತ್ರಗಳು ಜಪಾನೀ ಮೂಲದವು. ಅಳತೆ ಕೂಡದ ಪಾನೆಯು ನಟ್ಟಿನ ಮೂಲೆಗಳನ್ನು ಸವೆಸಿ, ಸಣ್ಣ ಕೆಲಸವನ್ನು ದೊಡ್ಡದು ಮಾಡುತ್ತದೆ.

ಇವಲ್ಲದೆ ಇಕ್ಕಳ, ಚಪ್ಪಟೆ ಮತ್ತು ನಕ್ಷತ್ರದ ಬಾಯಿಯ ತಿರುಪುಳಿಗಳು, ಸುತ್ತಿಗೆ, ಚಾಕು, ಪರೀಕ್ಷೆಯ ದೀಪ, ವಿದ್ಯುತ್ತಿನ ಅಂಟುಪಟ್ಟಿ, ನಾಲ್ಕು ಮಾರು ಬೈಂಡಿಂಗ್ ತಂತಿ, ಎಳೆಯುವ ಹಗ್ಗ, ಕೈಬತ್ತಿ, ಕೈಚೀಲ, ಹಳೆಯ ಬಟ್ಟೆ ಇವಿಷ್ಟು ಒಂದು ತಗಡಿನ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ. ಪ್ರತಿಫಲಿಸುವ ಕೆಂಪು ತ್ರಿಕೋನ, ಸಣ್ಣ ಅಗ್ನಿಶಾಮಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವುಗಳನ್ನು ಕೈಗೆ ಬೇಗನೆ ಎಟಕುವಲ್ಲಿ ಇಡಬೇಕು. ವಾಹನ ನಿಂತ ಕೂಡಲೇ ಎಚ್ಚರಿಕೆಯ ದೀಪಗಳನ್ನು ಹಚ್ಚಿ, ತ್ರಿಕೋನವನ್ನು ಕಡಿಮೆಯೆಂದರೆ 50 ಮೀಟರು ಹಿಂದೆ ಇಟ್ಟ ಬಳಿಕವೇ ಕೆಲಸಕ್ಕೆ ಕೈಹಾಕಬೇಕು. ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಜೀವಾಪಾಯವಿದ್ದಲ್ಲಿ 112 ಇವೆರಡು ನಂಬರುಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡುವದು ಒಳ್ಳೆಯದು.

8. ಕಾಪಾಡುವ ಬಗೆ

ತೀರಪ್ರದೇಶದಲ್ಲಿ ಹತ್ಯಾರಗಳನ್ನು ಕೊಳ್ಳುವದಕ್ಕಿಂತ ತುಕ್ಕಿನಿಂದ ಕಾಯುವದು ಕಠಿಣ. ತಿಂಗಳಿಗೊಮ್ಮೆ ಎಣ್ಣೆಯ ಬಟ್ಟೆಯಿಂದ ಒರೆಸಬೇಕು. ಬೆಲ್ಟು, ಟ್ಯೂಬುಗಳನ್ನು ಎಣ್ಣೆಯೂ ಬಿಸಿಲೂ ತಾಗದಂತೆ ಬೇರೆ ಚೀಲದಲ್ಲಿ ಇಡಬೇಕು. ರೋಹಿಣಿ ಮಳೆಗೆ ಮೊದಲು ಒಮ್ಮೆ, ಆಯುಧಪೂಜೆಯ ದಿನ ಒಮ್ಮೆ ಪೆಟ್ಟಿಗೆಯನ್ನು ಬರಿದು ಮಾಡಿ, ವಹಿಯಲ್ಲಿ ಬರೆದ ಪ್ರಕಾರ ಎಣಿಸಬೇಕು. ಪೆಟ್ಟಿಗೆಗೆ ಕುಂಕುಮವಿಟ್ಟು ಒಳಗಿರುವ ಪಾನೆಗೆ ತುಕ್ಕು ಹಿಡಿಸಿದರೆ ಆ ಪೂಜೆಯು ಸಾರ್ಥಕವಾಗಲಾರದು.

9. ಊರಿನ ಮುಖಂಡರು ಮಾಡಬಹುದಾದದ್ದು

ಭಾರವಾದ ಹೈಡ್ರಾಲಿಕ್ ಜ್ಯಾಕು, ಎಳೆಯುವ ಸರಪಳಿ, ಬ್ಯಾಟರಿಯ ತಂತಿಗಳ ಜೋಡಿ ಮುಂತಾದವುಗಳನ್ನು ಪ್ರತಿಯೊಬ್ಬ ಸಣ್ಣ ಹಿಡುವಳಿದಾರನು ಕೊಳ್ಳಲಾರನು. ಕೊಳ್ಳಬೇಕಾದ ಕಾರಣವೂ ಇಲ್ಲ. ಊರಿನ ಹಿರಿಯರೂ ದೊಡ್ಡ ಜಮೀನುದಾರರೂ ಮನಸ್ಸು ಮಾಡಿದರೆ ಸಹಕಾರಿ ಸಂಘದಲ್ಲಾಗಲಿ, ಎಲ್ಲರಿಗೂ ಅನುಕೂಲವಾದ ಒಂದು ಮನೆಯಲ್ಲಾಗಲಿ ಇಂಥ ಒಂದು ಸಾಮಾಯಿಕ ಪೆಟ್ಟಿಗೆಯನ್ನು ಇಡಿಸಬಹುದು. ಒಯ್ದವರ ಹೆಸರು, ಒಯ್ದ ದಿನ, ಮರಳಿಸಿದ ದಿನ ಬರೆಯಲು ಒಂದು ವಹಿ, ಬೀಗದ ಕೈಗೆ ಒಬ್ಬ ಜವಾಬುದಾರ ಮನುಷ್ಯ, ಇವೆರಡಿದ್ದರೆ ಪೆಟ್ಟಿಗೆಯು ಬಹುಕಾಲ ಉಳಿಯುತ್ತದೆ. ಒಂದೇ ಮಾದರಿಯ ಟಿಲ್ಲರುಗಳು ನಾಲ್ಕಾರು ಇರುವ ಊರಿನಲ್ಲಿ ಬೆಲ್ಟು, ಫಿಲ್ಟರು, ಅಲಗುಗಳನ್ನೂ ಕೂಡಿ ತರಿಸಿದರೆ ಎಲ್ಲರಿಗೂ ಒದಗುತ್ತವೆ. ಊರಿನ ಹುಡುಗರಿಗೆ ಗಾಲಿ ಬದಲಿಸುವದನ್ನೂ ಫ್ಯೂಸು ನೋಡುವದನ್ನೂ ಒಂದು ಬಿಡುವಿನ ದಿನ ಕಲಿಸಿದರೆ ಅದು ಪೆಟ್ಟಿಗೆಗಿಂತಲೂ ದೊಡ್ಡ ಆಸ್ತಿ.

ಬೆಂಕಿ ಬಿದ್ದಾಗ ಬಾವಿ ತೋಡಿದವನ ಗಾದೆಯನ್ನು ಎಲ್ಲರೂ ಬಲ್ಲರು. ಮಳೆಯಲ್ಲಿ, ಕತ್ತಲೆಯಲ್ಲಿ, ನಡುದಾರಿಯಲ್ಲಿ ನೆನಪಾಗುವ ಪಾನೆಯನ್ನು ಇಂದು ಮನೆಯ ಜಗಲಿಯ ಮೇಲೆ ಕುಳಿತಾಗಲೇ ನೆನೆದು, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳತಕ್ಕದ್ದು.