ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ?

ಚಿತ್ರದುರ್ಗ ಜಿಲ್ಲೆಯ ರಾಂಪುರದ ಸುತ್ತ ಶೇಂಗಾ ಬಿತ್ತುವವರಿಗೆ ಈ ಬರಹದ ಅರ್ಧ ಗೊತ್ತೇ ಇದೆ. ಬಿತ್ತನೆಗೆಂದು ಇಟ್ಟ ಕಾಯನ್ನು ತೀರಾ ಮೊದಲೇ ಸುಲಿದಿಟ್ಟರೆ ಬೀಜದ ಮೊಳಕೆಶಕ್ತಿ ಕುಂದುತ್ತದೆ. ಮಳೆ ಬಿದ್ದ ಮೇಲೆ ಸುಲಿಯಲು ಕೂತರೆ ನೆಲದ ಹದ ಆರಿಹೋಗುತ್ತದೆ. ಹದ ಬಂದ ದಿನ ಊರಿಗೆ ಊರೇ ಟ್ರ್ಯಾಕ್ಟರ್ ಕೇಳುತ್ತದೆ, ಕೂಲಿಯಾಳು ಸಿಗುವುದಿಲ್ಲ. ಅದಕ್ಕೇ ಅನುಭವಸ್ಥರು ಕುಂಟೆ ಹೊಡೆದು ಹೊಲ ಹಸನು ಮಾಡಿಟ್ಟಿರುತ್ತಾರೆ, ಟ್ರ್ಯಾಕ್ಟರಿನವನಿಗೆ ಮುಂಚೆಯೇ ಹೇಳಿಟ್ಟಿರುತ್ತಾರೆ. ಕಾಯಿ ಸುಲಿಯುವುದನ್ನು ಮಾತ್ರ ಮೋಡ ನೋಡಿಕೊಂಡು ಶುರುಮಾಡುತ್ತಾರೆ. ಯಾವುದನ್ನು ಮೊದಲೇ ಮುಗಿಸಬಹುದು, ಯಾವುದು ಕಾಯಲೇಬೇಕು, ಯಾವುದು ತಡವಾದರೆ ಉಳಿದದ್ದೆಲ್ಲ ನಿಂತುಹೋಗುತ್ತದೆ ಎಂಬ ಈ ಲೆಕ್ಕಾಚಾರವನ್ನೇ ಕಾಲೇಜುಗಳಲ್ಲಿ ಯೋಜನಾ ನಿರ್ವಹಣೆ ಎಂದು ಕಲಿಸುತ್ತಾರೆ.

ಯೋಜನೆಗೆ ಒಂದು ಆರಂಭ, ಒಂದು ಕೊನೆ, ಒಂದು ಗುರಿ ಇರುತ್ತದೆ. ಎಣ್ಣೆ ಗಿರಣಿ ಕಟ್ಟುವುದು ಯೋಜನೆ. ಕಟ್ಟಿದ ಮೇಲೆ ದಿನಾ ಎಣ್ಣೆ ತೆಗೆಯುವುದು ವ್ಯವಹಾರ. ಏನು ಆಗಬೇಕು, ಎಷ್ಟು ದಿನದಲ್ಲಿ, ಎಷ್ಟು ದುಡ್ಡಿನಲ್ಲಿ ಎಂಬ ಮೂರರಲ್ಲಿ ಒಂದನ್ನು ಬದಲಿಸಿದರೆ ಉಳಿದೆರಡೂ ಅಲುಗಾಡುತ್ತವೆ.

ಕೆಲಸಗಳ ಸರಪಳಿಯನ್ನು ಶಾಸ್ತ್ರವಾಗಿ ಬರೆದಿಟ್ಟದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಡುಪಾಂಟ್ ರಾಸಾಯನಿಕ ಕಂಪನಿ ಒಂದು ವಿಧಾನ ಕಟ್ಟಿತು. ಅದೇ ಹೊತ್ತಿಗೆ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಇನ್ನೊಂದನ್ನು ರೂಪಿಸಿತು. ಎರಡರ ತಿರುಳೂ ಒಂದೇ. ನೂರಾರು ಕೆಲಸಗಳಲ್ಲಿ ಒಂದು ಸಾಲು ಮಾತ್ರ ಇಡೀ ಯೋಜನೆಯ ಅವಧಿಯನ್ನು ನಿರ್ಧರಿಸುತ್ತದೆ. ಆ ಸಾಲಿನಲ್ಲಿ ಒಂದು ದಿನ ತಪ್ಪಿದರೆ ಕೊನೆಯೂ ಒಂದು ದಿನ ಮುಂದೆ ಹೋಗುತ್ತದೆ. ಬೇರೆ ಕಡೆ ಎಷ್ಟು ಬೆವರು ಸುರಿಸಿದರೂ ಆ ದಿನ ವಾಪಸ್ ಬರುವುದಿಲ್ಲ.

ಇದಕ್ಕೆ ಉದಾಹರಣೆ ಹುಡುಕಲು ನಮ್ಮವರು ದೂರ ಹೋಗಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಾದು ಕೂತಿರುವ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಇದೆ. 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು ಎಂಬುದು ಅದರ ಗುರಿ. 2003ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 2,813 ಕೋಟಿ ರೂಪಾಯಿ ಇತ್ತು. 2020ರ ಹೊತ್ತಿಗೆ ಅದು 21,473 ಕೋಟಿಗೆ ಏರಿತು. ಈ ಏರಿಕೆಯೆಲ್ಲ ವಿಳಂಬದ ದಂಡವಲ್ಲ, ಕೆಲಸದ ವ್ಯಾಪ್ತಿಯೂ ನಡುವೆ ಹಿಗ್ಗಿತು. ಆದರೆ ಸರಪಳಿಯ ಪಾಠ ಇರುವುದು ಬೇರೊಂದು ಕಡೆ. ಚಿತ್ರದುರ್ಗದ ಕಡೆ ಮೈಲುಗಟ್ಟಲೆ ಕಾಲುವೆ ತೋಡಿ ಆಗಿದ್ದರೂ, ಮೇಲೆ ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಬಳಿ ಎರಡು ಕಿಲೋಮೀಟರ್ ಕೂಡ ಇಲ್ಲದ ಒಂದು ತುಂಡು ಭೂಪರಿಹಾರದ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಜಮೀನು ಕೊಡುವ ರೈತ ನ್ಯಾಯವಾದ ಬೆಲೆ ಕೇಳುವುದರಲ್ಲಿ ತಪ್ಪೇನಿಲ್ಲ. ಆ ಮಾತುಕತೆಯನ್ನು ಗುದ್ದಲಿ ಪೂಜೆಗೂ ಮೊದಲೇ ಮುಗಿಸಿಕೊಳ್ಳದಿದ್ದುದೇ ತಪ್ಪು. ಕಾಲುವೆ ಬಹುಪಾಲು ಮುಗಿದಿದ್ದರೂ ಹರಿಯುವ ನೀರಿನ ಲೆಕ್ಕದಲ್ಲಿ ಅದು ಸೊನ್ನೆಯೇ. ಕಡತಗಳಿಗೆ ಮಾತ್ರ ಇದು ಕಾಣುವುದಿಲ್ಲ.

ಚೆನ್ನಾಗಿ ನಡೆದ ಕೆಲಸವೂ ಇದೇ ಸೀಮೆಯಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ಏರೊನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ತಾನಾಗಿಯೇ ಓಡುದಾರಿಗೆ ಇಳಿಯಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಬೇಕೆಂದೇ ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್. ಎರಡು ಸಲವೂ ವಾಹನ ದಾರಿ ತಿದ್ದಿಕೊಂಡು ಇಳಿಯಿತು. ಎಲ್ಲ ಕಷ್ಟವನ್ನೂ ಮೊದಲ ದಿನವೇ ಮೈಮೇಲೆ ಎಳೆದುಕೊಳ್ಳದೆ, ಒಂದೊಂದು ಸಲಕ್ಕೆ ಒಂದೊಂದು ಅಳೆಯಬಹುದಾದ ಗುರಿ ಇಟ್ಟುಕೊಂಡದ್ದು ಇಲ್ಲಿನ ಜಾಣತನ.

ಹಾಗೆಂದು ಆ ಟೆಸ್ಟ್ ರೇಂಜ್ ಇರುವ ಹುಲ್ಲುಗಾವಲಿನ ಕಥೆಯೆಲ್ಲ ಚೆಂದವೇನಲ್ಲ. ಇಂಥ ಸಂಸ್ಥೆಗಳಿಗೆ ಅಮೃತಮಹಲ್ ಕಾವಲು ಎಂಬ ಈ ಮೇವಿನ ಭೂಮಿ ಹಂಚಿಹೋದಾಗ ತಲೆಮಾರುಗಳಿಂದ ಅಲ್ಲಿ ಕುರಿ, ದನ ಮೇಯಿಸಿದವರನ್ನು ಸರಿಯಾಗಿ ಕೇಳಿರಲಿಲ್ಲ. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಯೋಜನೆಯಿಂದ ಯಾರಿಗೆ ತೊಂದರೆ ಎಂಬ ಪಟ್ಟಿಯೂ ಯೋಜನೆಯ ಮೊದಲ ಪುಟದಲ್ಲೇ ಇರಬೇಕು.

ನಿಮ್ಮೂರಿನ ಶಾಲಾ ಕೊಠಡಿಯೋ ಚೆಕ್‌ಡ್ಯಾಮೋ ನಿಂತುಹೋಗಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಶೇಕಡಾವಾರು ಕೇಳಿ ಸುಮ್ಮನಾಗಬೇಡಿ. ಈ ಹೊತ್ತು ಕೆಲಸ ಯಾವುದಕ್ಕೆ ಕಾಯುತ್ತಿದೆ, ಅದನ್ನು ಯಾರು ಬಿಡಿಸಬೇಕು, ಯಾವ ತಾರೀಖಿನೊಳಗೆ ಎಂದು ಕೇಳಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.