ಪ್ಯಾಂಡೋ ಕಣಿವೆಯ ದಂಡಿನ ಬೀಡು

ನಮ್ಮ ಹಳೆಯ ಶಾಸನಗಳಲ್ಲಿ ‘ಬೀಡು’, ‘ನೆಲೆವೀಡು’ ಎಂಬ ಎರಡು ಮಾತುಗಳು ಬರುತ್ತವೆ. ದಂಡು ಬಂದು ಇಳಿದುಕೊಂಡ ಸ್ಥಳ ಬೀಡು; ಅರಸನು ನೆಲೆನಿಂತ ಸ್ಥಳ ನೆಲೆವೀಡು. ದಂಡು ಎದ್ದುಹೋದ ಬಳಿಕ ಬೀಡಿನಲ್ಲಿ ಒಲೆಯ ಕಲ್ಲುಗಳು ಉಳಿದರೆ ಹೆಚ್ಚು. ಅಮೆರಿಕದ ಕೊಲರಾಡೋ ಸಂಸ್ಥಾನದಲ್ಲಿ, ರಾಕಿ ಪರ್ವತಗಳ ನಡುವೆ, ಇಂಥದೊಂದು ಬೀಡು ಇದ್ದಿತು. ಸಮುದ್ರಮಟ್ಟದಿಂದ ಸುಮಾರು 9,200 ಅಡಿ ಎತ್ತರದ ಪ್ಯಾಂಡೋ ಎಂಬ ಕಣಿವೆಯಲ್ಲಿ 1942ರಲ್ಲಿ ಕಟ್ಟಿದ ಆ ಸೇನಾಶಿಬಿರದ ಹೆಸರು ಕ್ಯಾಂಪ್ ಹೇಲ್. ಈಗ ಅಲ್ಲಿರುವುದು ಹುಲ್ಲುಗಾವಲು ಮತ್ತು ಕೆಲವು ಮುರುಕು ಕಾಂಕ್ರೀಟು ಗೋಡೆಗಳು ಮಾತ್ರ.

1939-40ರ ಚಳಿಗಾಲದಲ್ಲಿ ಫಿನ್ಲೆಂಡಿನ ಸೈನಿಕರು ಕಾಲಿಗೆ ಜಾರುಹಲಗೆ, ಎಂದರೆ ಸ್ಕೀ, ಕಟ್ಟಿಕೊಂಡು ರಷ್ಯದ ದೊಡ್ಡ ಸೇನೆಯನ್ನು ಹಿಮದಲ್ಲಿ ತಡೆದು ನಿಲ್ಲಿಸಿದರು. ಇದನ್ನು ಕಂಡು, ಮೈನಟ್ ಡೋಲ್ ಎಂಬ ಜಾರಾಟದ ಉತ್ಸಾಹಿ ತನ್ನ ದೇಶಕ್ಕೂ ಪರ್ವತಸೇನೆ ಬೇಕೆಂದು ಅಧಿಕಾರಿಗಳ ಬೆನ್ನುಬಿದ್ದನು. ರೈಲುದಾರಿ, ಹೆದ್ದಾರಿ, ಸುತ್ತ ಕಡಿದಾದ ಇಳಿಜಾರು, ತಿಂಗಳುಗಟ್ಟಲೆ ಕರಗದ ಹಿಮ, ಇವೆಲ್ಲವೂ ಪ್ಯಾಂಡೋದಲ್ಲಿದ್ದವು. ಇಲ್ಲದಿದ್ದುದು ಸಮತಲವಾದ ನೆಲ. ಅದಕ್ಕಾಗಿ ಡೊಂಕುಡೊಂಕಾಗಿ ಹರಿಯುತ್ತಿದ್ದ ಈಗಲ್ ನದಿಯನ್ನು ನೇರ ಕಾಲುವೆಗೆ ತಿರುಗಿಸಿ, ಜೌಗು ನೆಲವನ್ನು ಮಣ್ಣಿನಿಂದ ತುಂಬಿದರು. ಏಪ್ರಿಲಿನಲ್ಲಿ ತೊಡಗಿದ ಕೆಲಸ ನವೆಂಬರಿಗೆ ಮುಗಿಯಿತು. ಸುಮಾರು 15,000 ಮಂದಿಗೆ ವಸತಿ, ಆಸ್ಪತ್ರೆ, ಸಾವಿರಾರು ಹೇಸರಗತ್ತೆಗಳಿಗೆ ಲಾಯ, ಎಲ್ಲವೂ ಆ ಕೆಲವೇ ತಿಂಗಳಲ್ಲಿ!

ಆದರೆ ಕಟ್ಟಿದವರು ಗಾಳಿಯ ಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ಚಳಿಗಾಲದಲ್ಲಿ ತಣ್ಣನೆಯ ಭಾರವಾದ ಗಾಳಿ ಕಣಿವೆಯ ತಳಕ್ಕೆ ಇಳಿದು ಕೂರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿದ್ದು ಮುಚ್ಚಳದಂತಾಗುತ್ತದೆ. ನೂರಾರು ಕಲ್ಲಿದ್ದಲ ಒಲೆಗಳ ಹೊಗೆಯೂ ರೈಲಿನ ಹೊಗೆಯೂ ಮೇಲೇರಲಾರದೆ ಅಲ್ಲಿಯೇ ನಿಂತಿತು. ಹೊಗೆಗಂಡಿಯಿಲ್ಲದ ಅಡುಗೆಮನೆಯನ್ನು ನೆನೆದುಕೊಂಡರೆ ಸಾಕು. ಅಲ್ಲಿ ಬಂದ ಕೆಮ್ಮಿಗೆ ಸೈನಿಕರು ಕಣಿವೆಯ ಹೆಸರನ್ನೇ ಇಟ್ಟರು.

ಹತ್ತನೆಯ ಪರ್ವತ ಡಿವಿಜನ್ ಎಂದು ಮುಂದೆ ಹೆಸರಾದ ಪಡೆ ಇಲ್ಲಿ ಪಳಗಿತು. ಬೆನ್ನಮೇಲೆ 90 ಪೌಂಡಿನ ಹೊರೆ, ಬಿಳಿಯ ಉಡುಪು, ಹಿಮದಲ್ಲಿಯೇ ಅಡುಗೆ, ಹಿಮದಲ್ಲಿಯೇ ನಿದ್ದೆ. ವಿನೋದವೆಂದರೆ, ಇವರು 1945ರಲ್ಲಿ ಇಟಲಿಗೆ ಹೋದಾಗ ಜಾರುಹಲಗೆಗಳ ಅಗತ್ಯ ಬಿದ್ದದ್ದು ತೀರ ಕಡಮೆ. ಫೆಬ್ರುವರಿ 18ರ ರಾತ್ರಿ ರೀವಾ ಎಂಬ ಕಡಿದಾದ ಬೆಟ್ಟಸಾಲನ್ನು ಕತ್ತಲಲ್ಲಿ ಕೈಕಾಲೂರಿ, ಹಗ್ಗ ಹಿಡಿದು ಏರಿದರು. ಆ ಕಡೆಯಿಂದ ಯಾರೂ ಹತ್ತಲಾರರೆಂದು ಜರ್ಮನರು ನಂಬಿದ್ದರು. ಶಿಬಿರದಲ್ಲಿ ಕಲಿತ ನಿಜವಾದ ವಿದ್ಯೆ ಜಾರುವುದಲ್ಲ, ಚಳಿಯನ್ನೂ ಎತ್ತರವನ್ನೂ ತಾಳುವುದು ಎಂದು ನನಗೆ ತೋರುತ್ತದೆ. ನಾಲ್ಕು ತಿಂಗಳು ತುಂಬುವುದರೊಳಗೆ ಆ ಪಡೆಯ ಸುಮಾರು ಒಂದು ಸಾವಿರ ಮಂದಿ ಮಡಿದರು. ಉಳಿದವರಲ್ಲಿ ಹಲವರು ಅದೇ ಬೆಟ್ಟಗಳಿಗೆ ಮರಳಿದರು. ಇಟಲಿಯಲ್ಲಿ ಗಾಯಗೊಂಡಿದ್ದ ಪೀಟ್ ಸೈಬರ್ಟ್ ಎಂಬಾತ ಇತರರೊಡನೆ ಕೂಡಿ 1962ರಲ್ಲಿ ವೇಲ್ ಎಂಬಲ್ಲಿ ತೆರೆದ ಜಾರಾಟದ ತಾಣ ಇಂದು ಜಗತ್ಪ್ರಸಿದ್ಧ.

ಯುದ್ಧ ಮುಗಿಯುತ್ತಲೇ ಕಟ್ಟಡಗಳನ್ನು ಕಳಚಿದರು. ಆದರೆ 1958ರಲ್ಲಿ ಅದೇ ಕಣಿವೆಗೆ ಇನ್ನೊಂದು ಬಗೆಯ ಶಿಷ್ಯರು ಗುಟ್ಟಾಗಿ ಬಂದರು. ಅವರು ಟಿಬೆಟ್ಟಿನವರು. ತಮ್ಮ ನಾಡನ್ನು ಹೊಕ್ಕಿದ್ದ ಚೀನೀ ಸೇನೆಯೊಡನೆ ಹೋರಾಡುವುದಕ್ಕಾಗಿ ಅಮೆರಿಕದ ಗುಪ್ತಚರ ಇಲಾಖೆ ಅವರಿಗೆ ನಿಸ್ತಂತು, ನಕ್ಷೆ, ಬಂದೂಕು, ಧುಮುಕುಕೊಡೆಗಳ ಪಾಠ ಹೇಳಿಸಿತು. ಎತ್ತರಕ್ಕೆ ಒಗ್ಗಿದವರಿಗೆ ಎತ್ತರದ ನೆಲವೇ ಹಿತವೆಂದು ಈ ಸ್ಥಳವನ್ನು ಆರಿಸಿದ್ದರು. ಅವರು ಶಿಬಿರವನ್ನು ‘ದುಮ್ರ’ ಎಂದು ಕರೆದರು. ಟಿಬೆಟ್ಟಿನ ನುಡಿಯಲ್ಲಿ ಹಾಗೆಂದರೆ ತೋಟ. ಇದಕ್ಕೂ ಸಂಸ್ಕೃತದ ‘ಧೂಮ್ರ’ಕ್ಕೂ ನಂಟಿಲ್ಲ, ಮೊದಲಿನ ಸೈನಿಕರಾದರೋ ಆ ಸಂಸ್ಕೃತ ಅರ್ಥವನ್ನೇ ಒಪ್ಪುತ್ತಿದ್ದರು!

1961ರ ಡಿಸೆಂಬರಿನಲ್ಲಿ ಗುಟ್ಟು ಒಡೆಯುವುದರಲ್ಲಿತ್ತು. ಇವರ ಬಸ್ಸು ಹಿಮದಲ್ಲಿ ಸಿಕ್ಕಿ ತಡವಾಗಿ, ವಿಮಾನನಿಲ್ದಾಣ ತಲಪುವಷ್ಟರಲ್ಲಿ ಬೆಳಕು ಹರಿದಿತ್ತು. ಅಲ್ಲಿನ ಕೆಲಸಗಾರರು ಕಂಡುಬಿಟ್ಟರು. ಸುದ್ದಿ ನ್ಯೂಯಾರ್ಕಿನ ಪತ್ರಿಕೆಯವರೆಗೆ ಹೋಗಿ, ಸರ್ಕಾರದ ಕೋರಿಕೆಯಂತೆ ಅಲ್ಲಿಯೇ ನಿಂತಿತು. ಶಿಕ್ಷಣ 1964ರವರೆಗೆ ನಡೆಯಿತು. ಟಿಬೆಟ್ಟಿನೊಳಗೆ ವಿಮಾನದಿಂದ ಇಳಿದವರಲ್ಲಿ ಬದುಕಿ ಹೊರಬಂದವರು ಕೆಲವರೇ. ಅವರ ನಾಡವರು ನಿರಾಶ್ರಿತರಾಗಿ ಬಂದು ನಮ್ಮ ಬೈಲಕುಪ್ಪೆಯಲ್ಲಿ ಕಾಡು ಕಡಿದು ಜೋಳ ಬಿತ್ತತೊಡಗಿದ್ದೂ ಅದೇ 1960ರ ದಶಕದಲ್ಲಿ. ಇಟಲಿಯಿಂದ ಬಂದವರಿಗೆ ಮರಳಲು ಊರಿತ್ತು, ಇವರಿಗೆ ಇರಲಿಲ್ಲ.

1966ರಲ್ಲಿ ನೆಲವನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಟಿಬೆಟ್ಟಿನವರ ನೆನಪಿಗೆ ಅಲ್ಲೊಂದು ಫಲಕ ನೆಟ್ಟದ್ದು 2010ರಲ್ಲಿ. 2022ರ ಅಕ್ಟೋಬರಿನಲ್ಲಿ ಸುತ್ತಲಿನ 53,000ಕ್ಕೂ ಹೆಚ್ಚು ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಅಭ್ಯಾಸಕ್ಕೆಂದು ಹಾರಿಸಿದ ಗುಂಡುಗಳಲ್ಲಿ ಸಿಡಿಯದೆ ಉಳಿದವು ಇನ್ನೂ ಆ ಮಣ್ಣಿನಲ್ಲಿ ಇರಬಹುದಾದುದರಿಂದ, ನೋಡಹೋದವರು ನೆಲದಲ್ಲಿ ಕಂಡ ಲೋಹದ ಚೂರನ್ನು ಮುಟ್ಟಬಾರದು.