ಬೆಂಕಿಪುರದ ಹೂಮರಿ

ಮೊಟ್ಟೆ ಮಾತಾಡಿತು!

ಭದ್ರಾವತಿ ಹಳೇನಗರದಲ್ಲಿ ಚಿಕ್ಕಮ್ಮನ ಮನೆ ಹಿತ್ತಿಲು. ಆಷಾಢದ ಮಳೆ ಹೆಂಚಿನ ಮೇಲೆ ಧೋ ಎನ್ನುತ್ತಿತ್ತು. ಕಾವಿಗೆ ಕೂತ ಹೇಂಟೆಯ ಹೊಟ್ಟೆಯಡಿಗೆ ಚಿಕ್ಕಮ್ಮ ಕೈ ಹಾಕಿ, ಕುಕ್ಕಿಸಿಕೊಂಡೇ ಒಂದು ಮೊಟ್ಟೆ ಎತ್ತಿ ನನ್ನ ಕಿವಿಗೆ ಹಿಡಿದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ, ಎಲ್ಲೋ ಬಲು ದೂರದಿಂದ ಎಂಬಂತೆ, ಚೀಂವ್. ಸ್ವಲ್ಪ ತಡೆದು ಮತ್ತೆ, ಚೀಂವ್ ಚೀಂವ್. ಚಿಪ್ಪಿನ ಮೇಲೆ ಕೂದಲೆಳೆಯಷ್ಟೂ ಬಿರುಕಿಲ್ಲ. ಇನ್ನೂ ಹುಟ್ಟದ ಜೀವ ಕೂಗುತ್ತಿದೆ! ಮಂಕರಿಯೊಳಗಿಂದ ಹೇಂಟೆ ಗಂಟಲಲ್ಲೇ ಲೊಕ್ ಲೊಕ್ ಎಂದು ಓಗೊಟ್ಟಿತು.

"ಇಪ್ಪತ್ತು ದಿನ ಆಯ್ತಲ್ಲ, ಇನ್ನು ತಾಯಿ ಮಕ್ಕಳು ಮಾತಾಡ್ಕೊಳ್ತಾವೆ" ಅಂದರು ಚಿಕ್ಕಮ್ಮ, ಪಕ್ಕದ ಮನೆಯ ಸುದ್ದಿ ಹೇಳಿದಷ್ಟು ಸಹಜವಾಗಿ.

ನಾನು ಶಿವಮೊಗ್ಗ ಪೇಟೆಯಲ್ಲಿ ಬೆಳೆದವನು. ಮೊಟ್ಟೆ ಎಂದರೆ ನನಗೆ ಅಂಗಡಿಯಲ್ಲಿ ಕಾಗದದ ಟ್ರೇ ಮೇಲೆ ಕೂತಿರುವ ವಸ್ತು. ಬೇಯಿಸಿದ ಮೊಟ್ಟೆ ಸುಲಿಯುವಾಗ ದಪ್ಪ ತುದಿಯಲ್ಲಿ ಒಂದು ತಗ್ಗು ಕಾಣುತ್ತದಲ್ಲ, ಅದನ್ನು ಸಾವಿರ ಸಲ ನೋಡಿದ್ದೇನೆ, ಒಂದು ಸಲವೂ ಏನೆಂದು ಕೇಳಿಲ್ಲ. ಅದು ಗಾಳಿಯ ಕೋಣೆ! ಹುಟ್ಟುವುದಕ್ಕೆ ಒಂದು ದಿನ ಮುಂಚೆ ಮರಿ ಒಳಪೊರೆಯನ್ನು ಕೊಕ್ಕಿನಿಂದ ಹರಿದು ಆ ಕೋಣೆಗೆ ಮೂಗು ಚಾಚುತ್ತದೆ. ಅಲ್ಲಿ ಅದರ ಮೊದಲ ಉಸಿರು. ನಾನು ಕೇಳಿದ ಚೀಂವ್ ಆ ಉಸಿರಿನ ದನಿ.

ಹನ್ನೊಂದು ಮೊಟ್ಟೆ ಇಟ್ಟಿದ್ದರು. ಇಪ್ಪತ್ತೊಂದನೆಯ ದಿನ ಬೆಳಗಾಗುವಷ್ಟರಲ್ಲಿ ಒಂಬತ್ತು ಹೂಮರಿಗಳು ರೆಕ್ಕೆಯ ಅಂಚಿನಿಂದ ಇಣುಕುತ್ತಿದ್ದವು. ಒಂದು ಗೊಡ್ಡು ಮೊಟ್ಟೆ. ಉಳಿದ ಇನ್ನೊಂದರಲ್ಲಿ ಎಳ್ಳುಕಾಳಿನಷ್ಟು ತೂತು, ಅದರೊಳಗೆ ಅಲುಗಾಡುವ ಕೊಕ್ಕಿನ ತುದಿ. ಮಧ್ಯಾಹ್ನವಾದರೂ ತೂತು ದೊಡ್ಡದಾಗಲಿಲ್ಲ. ಅಷ್ಟರಲ್ಲಿ ಹೇಂಟೆ ಎದ್ದು ಒಂಬತ್ತನ್ನೂ ಕರೆದುಕೊಂಡು ಹೊರಟೇಬಿಟ್ಟಿತು. ಅದರ ತಪ್ಪೇನಿಲ್ಲ. ಒಂಬತ್ತು ಹೊಟ್ಟೆ ಕಾಯುತ್ತಿರುವಾಗ ಒಂದು ಮೊಟ್ಟೆಗಾಗಿ ಅದು ಎಷ್ಟು ಹೊತ್ತು ಕೂತೀತು?

ನನಗೆ ತಡೆಯಲಾಗಲಿಲ್ಲ. ಚಿಪ್ಪಿನ ಒಂದು ಚೂರು ಕಿತ್ತರೆ ಪಾಪದ್ದು ಬೇಗ ಬಂದೀತೆಂದು ಉಗುರು ಹಾಕಲು ಹೋದೆ.

"ಏಯ್, ಮುಟ್ಬೇಡ ಮಾರಾಯ! ರಕ್ತ ಬರತ್ತೆ. ಅದು ಸುಮ್ನೆ ಕೂತಿಲ್ಲ, ಕೆಲಸ ಮಾಡ್ತಾ ಇದೆ" ಎಂದು ಚಿಕ್ಕಮ್ಮ ನನ್ನ ಕೈ ಹಿಡಿದರು.

ಎಂಥ ಮಾತು! ಆ ಚಿಪ್ಪಿನೊಳಗೆ ಆ ಹೊತ್ತಿನಲ್ಲಿ ಏನೇನು ನಡೆಯುತ್ತಿತ್ತೆಂದು ತಿಳಿದಾಗ ನನ್ನ ಮೈ ಜುಮ್ಮೆಂದಿತು. ಅಷ್ಟು ದಿನವೂ ಮರಿ ಉಸಿರಾಡಿದ್ದು ಶ್ವಾಸಕೋಶದಿಂದಲ್ಲ. ಚಿಪ್ಪಿನ ಒಳಮೈಗೆ ಅಂಟಿಕೊಂಡ ಪೊರೆಯ ತುಂಬ ರಕ್ತನಾಳಗಳ ಬಲೆ. ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳಿಂದ ಬರುವ ಗಾಳಿಯನ್ನು ಆ ಬಲೆಯೇ ಹೀರಿಕೊಟ್ಟಿದೆ. ಈಗ ಶ್ವಾಸಕೋಶ ಕೆಲಸ ಹಿಡಿದಿದೆ, ಬಲೆಯಲ್ಲಿ ಹರಡಿದ ರಕ್ತವೆಲ್ಲ ಮೆಲ್ಲಗೆ ಮರಿಯ ಮೈಗೆ ವಾಪಸಾಗಬೇಕು. ಅದು ಮುಗಿಯುವ ಮೊದಲೇ ಚಿಪ್ಪು ಕಿತ್ತರೆ ಹರಿಯುವುದು ಮರಿಯದೇ ರಕ್ತ. ಜೊತೆಗೆ, ಉಳಿದ ಹಳದಿ ಭಾಂಡಾರವೆಲ್ಲ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರಬೇಕು. ಹೊರಗೆ ನಿಂತವರಿಗೆ ನಿಶ್ಶಕ್ತಿಯಂತೆ ಕಾಣುವ ಆ ಹನ್ನೆರಡು, ಕೆಲವೊಮ್ಮೆ ಇಪ್ಪತ್ತನಾಲ್ಕು ಗಂಟೆ ಒಳಗೆ ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕಳೆಯುತ್ತದೆ!

ಇನ್ನೂ ಇದೆ. ಮರಿಯ ಎಲುಬಿಗೆ ಬೇಕಾದ ಸುಣ್ಣದಲ್ಲಿ ಹೆಚ್ಚಿನ ಪಾಲು ಬಂದಿರುವುದು ಚಿಪ್ಪಿನಿಂದಲೇ. ಗೋಡೆಯನ್ನು ಕರಗಿಸಿ ಕಾಲು ಕಟ್ಟಿಕೊಂಡಿದೆ! ಅದರಿಂದ ಗೋಡೆ ತೆಳುವಾಗಿ, ಒಡೆಯಲು ಸುಲಭವೂ ಆಗಿದೆ. ಒಡೆಯುವ ಆಯುಧವೋ, ಮೇಲ್ಕೊಕ್ಕಿನ ತುದಿಯಲ್ಲಿರುವ ಸಾಸಿವೆಗಿಂತ ಚಿಕ್ಕ ಬಿಳಿ ಮುಳ್ಳು. ಕತ್ತಿನ ಹಿಂದೆ ಒಂದು ಸ್ನಾಯು ಈ ಒಂದು ಕೆಲಸಕ್ಕೆಂದೇ ಊದಿಕೊಂಡಿರುತ್ತದೆ. ಕೆಲಸ ಮುಗಿದ ಕೆಲವೇ ದಿನಗಳಲ್ಲಿ ಮುಳ್ಳು ಉದುರಿ, ಸ್ನಾಯು ಇಳಿದುಹೋಗುತ್ತದೆ. ಈ ಸ್ನಾಯುವನ್ನು ಎಬ್ಬಿಸುವುದು ಏನು ಗೊತ್ತೇ? ಉಸಿರುಗಟ್ಟುವುದು. ಒಳಗಿನ ಗಾಳಿ ಸಾಲದೆ ಇಂಗಾಲದ ಡೈಆಕ್ಸೈಡ್ ಏರಿದಂತೆ ಕತ್ತು ತಾನಾಗಿಯೇ ಸೆಟೆದು ಮೇಲಕ್ಕೆ ಗುದ್ದುತ್ತದೆ.

ಚಿಕ್ಕಮ್ಮ ಆ ಮೊಟ್ಟೆಯನ್ನು ಹಳೇ ಹತ್ತಿಸೀರೆಯ ಚೂರಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಬಚ್ಚಲ ಒಲೆಯ ಹತ್ತಿರ, ಹೊಗೆ ತಾಗದ ಮೂಲೆಯಲ್ಲಿ ಇರಿಸಿದರು. ಹಂಡೆಯ ನೀರು ಸಣ್ಣಗೆ ಹಬೆಯಾಡುತ್ತಿತ್ತು. ಯಂತ್ರದಲ್ಲಿ ಮರಿ ಮಾಡಿಸುವವರು ಕೊನೆಯ ಮೂರು ದಿನ ತೇವಾಂಶವನ್ನು ಶೇ. 65ಕ್ಕಿಂತ ಮೇಲೇರಿಸುತ್ತಾರೆ. ಇಲ್ಲದಿದ್ದರೆ ಪೊರೆ ಒಣಗಿ, ಮರಿಯ ಮೈಗೆ ಬಿಗಿದುಕೊಂಡು ಅಲುಗಾಡಲು ಬಿಡುವುದಿಲ್ಲ. ಅದನ್ನು ಓದಿದ್ದು ಆಮೇಲೆ. ಆಗ ನನ್ನ ಕಣ್ಣೆದುರಿಗಿದ್ದದ್ದು ಬಚ್ಚಲುಮನೆ. ಬೆಚ್ಚಗೆ, ಒದ್ದೆಯಾಗಿ, ಮಸುಕಾಗಿ. ಈಜಿಪ್ಟಿನಲ್ಲಿ ಸಾವಿರಾರು ವರ್ಷಗಳಿಂದ ಮಣ್ಣಿನ ಗೂಡುಗಳಿಗೆ ಬೆಂಕಿಯ ಶಾಖ ಕೊಟ್ಟು ಮರಿ ಮಾಡಿಸುವವರು ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಾರಂತೆ. ಚಿಕ್ಕಮ್ಮ ಗಂಟೆಗೊಮ್ಮೆ ಬಂದು ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು ಹೋಗುತ್ತಿದ್ದರು. ನೈಲ್ ನದಿಯ ದಡಕ್ಕೂ ಭದ್ರೆಯ ದಡಕ್ಕೂ ಇರುವ ದೂರ ಆ ಕೆನ್ನೆಯಲ್ಲಿ ಕರಗಿಹೋಯಿತು.

ರಾತ್ರಿ ಒಂಬತ್ತರ ಸುಮಾರಿಗೆ ಆ ತೂತಿನಿಂದ ಹೊರಟ ಗೀರು ಚಿಪ್ಪಿನ ಸುತ್ತು ಹಾಕಿತು. ಮರಿ ಒಳಗೇ ಇಷ್ಟಿಷ್ಟೇ ತಿರುಗುತ್ತಾ ಗುದ್ದುತ್ತಾ ಬಂದು, ಚಿಪ್ಪಿನ ಟೋಪಿಯನ್ನು ಕಾಲಿನಿಂದ ಒದ್ದು ಹೊರಗೆ ಬಿತ್ತು. ಹೌದು, ಬಿತ್ತು. ಒದ್ದೆ ಮುದ್ದೆ. ಕತ್ತು ಎತ್ತಲಾರದು, ಕಣ್ಣು ಮುಚ್ಚಿದೆ, ಎರಡು ಕಾಲು ಎರಡು ದಿಕ್ಕಿಗೆ. ಸತ್ತೇಹೋಯಿತೆಂದು ನಾನು ಅಂದುಕೊಂಡೆ. ಆಗ ಅದರ ಪಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು.

ಈಗ ಬೇಕಾದದ್ದು ಶಾಖ ಒಂದೇ. ಹೂಮರಿಗೆ ತನ್ನ ಮೈಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಅದರಲ್ಲೂ ಒದ್ದೆ ತುಪ್ಪುಳ ಆರುವಾಗ ಮೈಯ ಬಿಸಿಯನ್ನೆಲ್ಲ ಹೊತ್ತೊಯ್ಯುತ್ತದೆ. ಮೊದಲ ವಾರ ಅದರ ಸುತ್ತ 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಚಿಕ್ಕಪ್ಪ ರಟ್ಟಿನ ಪೆಟ್ಟಿಗೆಗೆ ಬಲ್ಬ್ ಇಳಿಬಿಟ್ಟರು. ಬಲ್ಬ್ ಹೊತ್ತಿತು, ಬೆಳಕು ಬಂತು, ಬಿಸಿ ಬರಲಿಲ್ಲ! ಎಲ್‌ಇಡಿ. ಮನೆಯಿಡೀ ಹುಡುಕಿ, ಅಟ್ಟದ ಡಬ್ಬಿಯಿಂದ ಹಳೇ ಕಾಲದ ತಂತಿಯ ಬಲ್ಬೊಂದನ್ನು ತೆಗೆದರು, 60 ವ್ಯಾಟಿನದು. ಬೆಳಕು ಕೊಡುವುದಕ್ಕಿಂತ ಹೆಚ್ಚಾಗಿ ಬಿಸಿ ಉಗುಳುತ್ತಿದೆಯೆಂದು ನಾವು ಮೂಲೆಗೆ ಎಸೆದ ಬಲ್ಬು ಆ ರಾತ್ರಿ ತಾಯಿಯಾಯಿತು.

ಚಿಕ್ಕಪ್ಪ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ವರ್ಷಗಟ್ಟಲೆ ದುಡಿದವರು. ಸರ್ ಎಂ. ವಿಶ್ವೇಶ್ವರಯ್ಯನವರು ನಿಂತು ಕಟ್ಟಿಸಿದ ಆ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯತೊಡಗಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಕಾಡಿನ ಇದ್ದಿಲು. ಅದಕ್ಕೂ ಬಹಳ ಹಿಂದೆ ಈ ಊರಿಗೆ ಬೆಂಕಿಪುರ ಎಂಬ ಹೆಸರಿತ್ತು. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ಈ ಮರಿ ಉಳಿಯಲು 35. ಕೆಂಡದ ಹೊಳೆಯನ್ನು ಕಂಡ ಕಣ್ಣುಗಳು ಗೋಡೆಯ ಮೇಲಿದ್ದ ಉಷ್ಣಮಾಪಕವನ್ನು ಪೆಟ್ಟಿಗೆಯೊಳಗಿಟ್ಟು, ಕನ್ನಡಕ ಸರಿಪಡಿಸಿಕೊಂಡು, 33, 34 ಎಂದು ಎಣಿಸುತ್ತಿದ್ದವು. 35 ಮುಟ್ಟಿದಾಗ ಅವರು ಬಿಟ್ಟ ಉಸಿರು ನನಗಿನ್ನೂ ಕೇಳಿಸುತ್ತದೆ.

ಹನ್ನೆರಡೂವರೆಗೆ ಕರೆಂಟ್ ಹೋಯಿತು. ಮಳೆಗಾಲದ ರಾತ್ರಿ, ಯಾವಾಗ ಬರುತ್ತದೋ ಯಾರು ಬಲ್ಲರು? ಚಿಕ್ಕಮ್ಮ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಮರಿಯ ಪಕ್ಕದಲ್ಲಿಟ್ಟರು. ತಣ್ಣಗಾದ ಹಾಗೆ ಇನ್ನೊಂದು, ಮತ್ತೊಂದು. ಮರಿಯೇ ನಮಗೆ ಹೇಳಿಕೊಟ್ಟಿತು: ಬಾಟಲಿಗೆ ಒತ್ತಿಕೊಂಡು ಜೋರಾಗಿ ಕೂಗಿದರೆ ಚಳಿ, ದೂರ ತೆವಳಿ ಬಾಯಿ ತೆರೆದರೆ ಸೆಕೆ, ಕಾಲು ಚಾಚಿ ಸಣ್ಣಗೆ ಗುನುಗಿದರೆ ಹಿತ. ಬೆಳಗಿನ ಜಾವ ಅದು ಗುನುಗಿತು. ತುಪ್ಪುಳ ಒಣಗಿ ಅರಳಿತ್ತು. ಆ ಒದ್ದೆ ಚಿಂದಿ ಬೂರುಗದ ಹತ್ತಿಯಂತೆ ಉಬ್ಬಿ ಕೂತಿತ್ತು!

"ಏನೂ ತಿಂದಿಲ್ವಲ್ಲ ಚಿಕ್ಕಮ್ಮ, ಹಸಿವಾಗಲ್ವಾ?"

"ಅದರ ಬುತ್ತಿ ಅದರ ಹೊಟ್ಟೇಲೇ ಇದೆ."

ಮತ್ತೆ ನಿಜ! ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಭಾಂಡಾರ ಮರಿಯ ತೂಕದ ಹತ್ತರಲ್ಲೊಂದು ಪಾಲಿನಷ್ಟಾದರೂ ಇರುತ್ತದೆ. ಎರಡು ದಿನ, ಕೆಲವೊಮ್ಮೆ ಮೂರು ದಿನ ಅದೇ ಊಟ. ಒಂದು ದಿನದ ಮರಿಗಳನ್ನು ತೂತಿನ ಪೆಟ್ಟಿಗೆಗಳಲ್ಲಿ ದೂರದೂರಿಗೆ ಕಳಿಸಲಾಗುವುದು ಇದರಿಂದಲೇ. ಊಟವಷ್ಟೇ ಅಲ್ಲ, ತಾಯಿ ತನ್ನ ಆಯುಸ್ಸಿನಲ್ಲಿ ಎದುರಿಸಿ ಗೆದ್ದ ರೋಗಗಳ ವಿರುದ್ಧದ ರಕ್ಷಣೆಯನ್ನೂ ಆ ಹಳದಿಯಲ್ಲೇ ಕಟ್ಟಿಕೊಟ್ಟಿರುತ್ತದೆ. ನಾವು ಆಮ್ಲೆಟ್ಟಿಗೆ ಒಡೆದು ಕಲಕುವ ಹಳದಿ ಇದು.

ಆದರೆ ಕಾಲು? ಮರಿ ಏಳಲು ಹೋದಾಗಲೆಲ್ಲ ಕಾಲುಗಳು ಕತ್ತರಿಯಂತೆ ಬಿಚ್ಚಿಕೊಳ್ಳುತ್ತಿದ್ದವು. ನಾನು ರಜೆ ಮುಗಿಸಿ ಶಿವಮೊಗ್ಗಕ್ಕೆ ಹೊರಡಬೇಕಿತ್ತು. ಒಂಟಿ ಮರಿ ಕೂಗಿ ಕೂಗಿ ಸೊರಗುತ್ತದೆಂದು ಚಿಕ್ಕಮ್ಮ ಅದರ ಒಡಹುಟ್ಟೊಂದನ್ನೂ ಹಿಡಿದುಕೊಟ್ಟರು. ಪೆಟ್ಟಿಗೆಯಲ್ಲಿ ಎರಡು ಮರಿ, ಒಂದು ಬಿಸಿನೀರಿನ ಬಾಟಲಿ. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ ದಾಟುವ ತನಕ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಚೀಂವ್ ಚೀಂವ್. ಪಕ್ಕದಲ್ಲಿ ಕೂತ ಅಜ್ಜಿ ಪೆಟ್ಟಿಗೆಯ ಮೇಲೆ ಸೆರಗು ಹೊದಿಸಿ, ಕಿಟಕಿ ಹಾಕಲು ಹೇಳಿದರು.

ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಪರಿಚಿತರೊಬ್ಬರು ಮರಿಯನ್ನು ಅಂಗೈ ಮೇಲೆ ಮಲಗಿಸಿ ಮೊದಲು ನೋಡಿದ್ದು ಹೊಕ್ಕುಳನ್ನು. ಅದು ಒಣಗಿ ಮುಚ್ಚಿತ್ತು. ಊದಿಕೊಂಡು ನಾರುತ್ತಿದ್ದರೆ ಕಷ್ಟವಾಗುತ್ತಿತ್ತಂತೆ. ಆಮೇಲೆ "ಇದನ್ನ ಯಾವುದರ ಮೇಲೆ ಬಿಟ್ಟಿದ್ರಿ?" ಎಂದು ಕೇಳಿದರು. ಬರೀ ಪೇಪರ್ ಮೇಲೆ! ನುಣುಪಿನ ಮೇಲೆ ಎಳೆ ಕಾಲುಗಳಿಗೆ ಹಿಡಿತ ಸಿಗದೆ ಜಾರಿ ಜಾರಿ ಹಾಗೇ ನಿಂತುಬಿಡುತ್ತವೆ. ಒಂದು ಕಾಲಕ್ಕೆ ಸುದ್ದಿಪತ್ರಿಕೆಗಳಿಗೆ ಕಾಗದ ಮಾಡಿಕೊಟ್ಟ ಊರು ಭದ್ರಾವತಿ. ಆ ಕಾಗದದ ಮೇಲೆ ಅಕ್ಷರ ಎಷ್ಟು ಗಟ್ಟಿಯಾಗಿ ನಿಂತರೂ ಮರಿಯ ಕಾಲು ನಿಲ್ಲದು. ಒರಟು ಟವೆಲ್ ಹಾಸಿದೆವು. ಗಾಯದ ಪ್ಲಾಸ್ಟರನ್ನು ಸಣ್ಣಗೆ ಕತ್ತರಿಸಿ, ಎರಡು ಕಾಲುಗಳ ನಡುವೆ ಸಹಜ ಅಂತರ ಉಳಿಯುವ ಹಾಗೆ ಬಂಧ ಹಾಕಿಕೊಟ್ಟರು. ಎಳೆ ಎಲುಬು ಹೇಳಿದಂತೆ ಕೇಳುತ್ತದೆ, ಎರಡು ಮೂರು ದಿನ ಸಾಕು. ಹಾಗೆಂದು ತಡಮಾಡಿದರೆ ಕೇಳುವುದಿಲ್ಲ.

ನೀರು ಕುಡಿಸುವುದನ್ನೂ ತೋರಿಸಿದರು. ಕುದಿಸಿ ಆರಿಸಿದ ನೀರಿಗೆ ಚೂರು ಬೆಲ್ಲ ಕರಗಿಸಿ, ಕೊಕ್ಕಿನ ತುದಿಯನ್ನಷ್ಟೇ ಅದ್ದಬೇಕು. ಬಾಯಿಗೆ ಹನಿ ಸುರಿಯಲೇಬಾರದು. ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ತೆರೆದಿರುವುದರಿಂದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನಾನು ಅದ್ದಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮರಿ ಕೊಕ್ಕನ್ನು ಆಕಾಶಕ್ಕೆತ್ತಿ, ಕಣ್ಣು ಅರೆಮುಚ್ಚಿ, ನುಂಗಿತು. ತಾನಾಗಿಯೇ ಮತ್ತೆ ಬಗ್ಗಿತು! ಒಮ್ಮೆ ತೋರಿಸಿದರೆ ಸಾಕು, ಮರೆಯುವುದಿಲ್ಲ. ಮಾರನೆಯ ದಿನ ಮೆಕ್ಕೆಜೋಳದ ನುಚ್ಚನ್ನು ಒಡಹುಟ್ಟು ಕುಕ್ಕುವುದನ್ನು ನೋಡಿ ಇದೂ ಕುಕ್ಕಿತು. ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಕಣ್ಣಿಗೆ ಹಾಕಿಸಬೇಕೆಂದೂ, ಮುಟ್ಟಿದ ಮೇಲೆ ಪ್ರತಿ ಸಲ ಸೋಪಿನಿಂದ ಕೈ ತೊಳೆಯಬೇಕೆಂದೂ ಹೇಳಿದ್ದರು. ಬರೆದಿಟ್ಟುಕೊಂಡೆ.

ಎರಡನೇ ದಿನ ಸಂಜೆ ಅದು ನಿಂತಿತು. ಬಂಧ ಹಾಕಿದ ಕಾಲುಗಳ ಮೇಲೆ, ಅಲುಗಾಡುತ್ತಾ, ನನ್ನ ಬೆರಳಿನ ಹಿಂದೆ ನಾಲ್ಕು ಹೆಜ್ಜೆ ಇಟ್ಟಿತು. ನನ್ನ ಕಣ್ಣು ತುಂಬಿತು, ಎದೆಯಲ್ಲಿ ಒಂದು ಭಯವೂ ಹುಟ್ಟಿತು. ಹುಟ್ಟಿದ ಮರಿ ಮೊದಲು ಕಂಡ ಚಲಿಸುವುದನ್ನೆಲ್ಲ ಹಿಂಬಾಲಿಸುತ್ತದೆಂದು ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲಿಷ್ ಸಂಶೋಧಕರು 1873ರಲ್ಲೇ ಬರೆದಿದ್ದರು. ಇದು ನನ್ನ ಬೆರಳನ್ನೇ ತಾಯಿಯೆಂದು ನಂಬಿಬಿಟ್ಟರೆ?

ಮೂರನೇ ದಿನ ಬಂಧ ಬಿಚ್ಚಿ, ಮತ್ತೆ ಬಸ್ಸು ಹತ್ತಿದೆ. "ಕತ್ತಲಾಗ್ಲಿ, ಹಗಲು ಬಿಟ್ರೆ ಕುಕ್ಕಿ ಓಡಿಸ್ತದೆ" ಅಂದರು ಚಿಕ್ಕಮ್ಮ. ರಾತ್ರಿ ಎಂಟಕ್ಕೆ, ದೀಪ ಹಚ್ಚದೆ, ಒಡ್ಡಿಯ ಬಾಗಿಲು ಸರಿಸಿ ಎರಡೂ ಮರಿಗಳನ್ನು ಹೇಂಟೆಯ ರೆಕ್ಕೆಯ ಹತ್ತಿರ ಇಟ್ಟೆ. ಬೆರಳು ಅಲ್ಲೇ ಇತ್ತು. ಹೇಂಟೆ ಗಂಟಲಲ್ಲೇ ಲೊಕ್ ಲೊಕ್ ಅಂದಿತು, ಕೆಲವು ದಿನದ ಹಿಂದೆ ಚಿಪ್ಪಿನ ಹೊರಗಿಂದ ಅಂದ ಅದೇ ದನಿ. ಮರಿ ಕತ್ತು ಹೊರಳಿಸಿತು. ನನ್ನ ಬೆರಳನ್ನು ಬಿಟ್ಟು, ಗರಿಗಳ ನಡುವೆ ತಲೆ ತೂರಿಸಿ, ಮೈ ಎಳೆದುಕೊಂಡು, ಒಳಗೆ ಹೋಯಿತು.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಹಿತ್ತಿಲಲ್ಲಿ ಹತ್ತು ಮರಿಗಳು ತಾಯಿಯ ಹಿಂದೆ ಕೆಸರು ಕೆದಕುತ್ತಿದ್ದವು. ನಮ್ಮದು ಯಾವುದೆಂದು ಗುರುತು ಹತ್ತದೆ ಬಹಳ ಹೊತ್ತು ಕೂತು ನೋಡಿದೆ. ಕೊನೆಗೆ ಒಂದರ ಕಾಲಿನಲ್ಲಿ, ಪ್ಲಾಸ್ಟರಿನ ಅಂಟಿಗೆ ಹತ್ತಿಕೊಂಡ ಮಣ್ಣು, ತೆಳ್ಳಗೆ, ಕಡಗದ ಹಾಗೆ ಕಂಡಿತು. ಅದು ಒಂದು ಎರೆಹುಳುವಿನ ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಎಳೆಯುತ್ತಿತ್ತು, ಎರಡೂ ಕಾಲನ್ನು ನೆಲಕ್ಕೆ ಊರಿ.